ಬೆಟ್ಟದೂರಿನಲ್ಲಿ ಬಾಡಿಗೆ ಮನೆ: ಬಟ್ಟೆ ಒಗೆಯುವ ವ್ಯವಸ್ಥೆ ಮನೆಯೊಳಗೇ ಬೇಕೆನ್ನುವವರಿಗೆ

ಕೆಲಸಕ್ಕೋ ಓದಿಗೋ ಬೆಟ್ಟದ ಸಣ್ಣ ಊರೊಂದಕ್ಕೆ ಹೊರಟವರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ವಾಷಿಂಗ್ ಮೆಷಿನ್ ಇರುವ ಮನೆಯನ್ನು ಹೇಗೆ ಹುಡುಕುವುದು, ನೋಡಲು ಹೋದಾಗ ಏನು ಪರೀಕ್ಷಿಸುವುದು? ಅದರ ಬೆನ್ನಿಗೇ ಯಂತ್ರ ಎಷ್ಟು ಕಿಲೋದ್ದಿರಬೇಕು, ಬಾಗಿಲು ಮುಂದೆ ಇರುವುದು ಒಳ್ಳೆಯದೋ ಮೇಲೆ ಇರುವುದು ಒಳ್ಳೆಯದೋ ಎಂಬ ಉಪಪ್ರಶ್ನೆಗಳು. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ: ಯಂತ್ರದ ಪ್ರಶ್ನೆ ಕೊನೆಯದು. ಬಯಲಿನ ಊರಿನಲ್ಲಿ ಯಂತ್ರ ಇದ್ದರೆ ಕೆಲಸ ಮುಗಿಯಿತು. ಬೆಟ್ಟದಲ್ಲಿ ಹಾಗಲ್ಲ. ನೀರು ಬರಬೇಕು, ಬಂದ ನೀರು ಹೋಗಬೇಕು, ನಡುವೆ ಎಲ್ಲಿಯೂ ಅದು ಮಂಜುಗಡ್ಡೆ ಆಗಬಾರದು, ಒಗೆದ ಬಟ್ಟೆ ಒಣಗಬೇಕು. ಈ ನಾಲ್ಕರಲ್ಲಿ ಒಂದು ಕೈಕೊಟ್ಟರೂ ಎಷ್ಟೇ ದುಬಾರಿ ಯಂತ್ರವಿರಲಿ, ಅದು ಮೇಲೆ ಹೂದಾನಿ ಇಡುವ ಮೇಜಾಗುತ್ತದೆ. ಆದ್ದರಿಂದ ನೀವು ಬಾಡಿಗೆಗೆ ಹಿಡಿಯುತ್ತಿರುವುದು ಯಂತ್ರವನ್ನಲ್ಲ, ಅದರ ಹಿಂದಿನ ಎರಡು ಕೊಳವೆಗಳನ್ನೂ ಒಂದು ಗೋಡೆಯನ್ನೂ ಎಂದುಕೊಂಡು ಮನೆ ನೋಡಿ.

ಹೊರಡುವ ಮೊದಲು ಚೀಲದಲ್ಲಿ ಇರಬೇಕಾದವು

ಗುರುತಿನ ಚೀಟಿ, ಆದಾಯದ ಪುರಾವೆ, ಹಿಂದಿನ ಮನೆಯ ಮಾಲೀಕರ ಒಂದು ಪತ್ರ. ಇವು ಎಲ್ಲ ಬಾಡಿಗೆ ಮನೆಗೂ ಬೇಕಾದವೇ. ಸಣ್ಣ ಊರಿನಲ್ಲಿ ಆ ಪತ್ರಕ್ಕೆ ಬೆಲೆ ಹೆಚ್ಚು, ಏಕೆಂದರೆ ಅಲ್ಲಿ ಮನೆ ಕೊಡುವವರು ಕಾಗದಕ್ಕಿಂತ ಮನುಷ್ಯನನ್ನು ನೋಡುತ್ತಾರೆ. ಇವುಗಳ ಜೊತೆಗೆ ಟಾರ್ಚ್, 10 ಲೀಟರಿನ ಬಕೆಟ್, ಒಂದು ಸಣ್ಣ ರಸಮಟ್ಟ (ನೆಲ ಸಮವಾಗಿದೆಯೇ ಎಂದು ನೋಡುವ, ಒಳಗೆ ಗುಳ್ಳೆ ಓಡಾಡುವ ಸಾಧನ, ಮೊಬೈಲ್‌ನಲ್ಲಿರುವುದೂ ನಡೆಯುತ್ತದೆ), ನಾಲ್ಕೈದು ಕೊಳೆಬಟ್ಟೆ, ಒಂದು ದಪ್ಪ ಟವೆಲ್, ಸ್ವಲ್ಪ ಸಾಬೂನಿನ ದ್ರವ ಇಟ್ಟುಕೊಳ್ಳಿ. ಬೇರೆಯವರ ಮನೆಗೆ ಕೊಳೆಬಟ್ಟೆ ಹೊತ್ತು ಹೋಗಲು ಸಂಕೋಚವಾಗುತ್ತದೆ, ನಿಜ. ಒಂದು ಗಂಟೆಯ ಸಂಕೋಚ ಒಂದು ವರ್ಷದ ಗೋಳನ್ನು ತಪ್ಪಿಸುತ್ತದೆ.

ಹಂತ 1: ಜಾಹೀರಾತಿನ ಮಾತನ್ನು ಬಿಡಿಸಿ ಓದಿ

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ಬಾಡಿಗೆ ಮನೆಯ ಜಾಹೀರಾತುಗಳನ್ನು ಓದಿದ ಮೇಲೆಯೇ ಯಾರೋ ಕಟ್ಟಿರಬೇಕು. "ಬಟ್ಟೆ ಒಗೆಯುವ ಸೌಲಭ್ಯವಿದೆ" ಎಂಬ ಒಂದೇ ಸಾಲಿಗೆ ಕನಿಷ್ಠ ಐದು ಅರ್ಥಗಳಿವೆ. ಮನೆಯೊಳಗೆ ನಿಮಗೊಬ್ಬರಿಗೇ ಸೇರಿದ, ನಡೆಯುವ ಯಂತ್ರವಿದೆ ಎಂಬುದು ಮೊದಲನೆಯದು. ಯಂತ್ರವಿಲ್ಲ, ಅದಕ್ಕೆ ಬೇಕಾದ ನಲ್ಲಿ, ನೀರು ಹೋಗುವ ಕೊಳವೆ ಮತ್ತು ಪ್ಲಗ್ ಇವೆ ಎಂಬುದು ಎರಡನೆಯದು. ಯಂತ್ರ ನೀವೇ ತರಬೇಕು. ಕಟ್ಟಡದ ನೆಲಮಾಳಿಗೆಯಲ್ಲಿ ಎಲ್ಲರಿಗೂ ಸೇರಿದ ಯಂತ್ರವಿದೆ ಎಂಬುದು ಮೂರನೆಯದು. ಯಂತ್ರ ಮಾಲೀಕರ ಮನೆಯಲ್ಲಿದೆ, ಕೇಳಿ ಬಳಸಬಹುದು ಎಂಬುದು ನಾಲ್ಕನೆಯದು. ಹಿಂದಿನ ಬಾಡಿಗೆದಾರರು ಬಿಟ್ಟುಹೋದ ಯಂತ್ರ ಮೂಲೆಯಲ್ಲಿ ನಿಂತಿದೆ, ನಡೆಯುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ ಎಂಬುದು ಐದನೆಯದು. ನನ್ನ ಅನುಭವದಲ್ಲಿ ಹೆಚ್ಚು ಜಗಳಗಳು ಹುಟ್ಟುವುದು ಈ ಐದನೆಯದರಿಂದ.

ಆದ್ದರಿಂದ ಫೋನಿನಲ್ಲಿಯೇ ಮೂರು ನೇರ ಪ್ರಶ್ನೆ ಕೇಳಿ. ಯಂತ್ರ ಯಾರದು? ಕೆಟ್ಟರೆ ಯಾರು ದುರಸ್ತಿ ಮಾಡಿಸುತ್ತಾರೆ? ಒಣಗಿಸುವ ಯಂತ್ರವೂ ಇದೆಯೋ, ಒಗೆಯುವುದು ಮಾತ್ರವೋ? ಮೂರನೆಯ ಪ್ರಶ್ನೆಗೆ "ಹೊರಗೆ ಹಗ್ಗ ಇದೆ" ಎಂಬ ಉತ್ತರ ಬಂದರೆ ಮುಂದೆ ಬರುವ ಒಣಗಿಸುವ ಹಂತವನ್ನು ಎರಡು ಸಲ ಓದಿ.

ಎಚ್ಚರಿಕೆ: ಊರು ದೂರ, ದಾರಿ ಕಷ್ಟ, ಫೋಟೊ ಚೆನ್ನಾಗಿದೆ ಎಂದು ಮನೆ ನೋಡದೆ ಮುಂಗಡ ಕಳುಹಿಸಬೇಡಿ. ಮೋಸಗಾರರು ದೂರದ ಊರುಗಳ ಹೆಸರು ಹೇಳುವುದೇ ನೀವು ಹೋಗಿ ನೋಡಲಾರಿರಿ ಎಂಬ ನಂಬಿಕೆಯಿಂದ. ಹೋಗಲು ಆಗದಿದ್ದರೆ ಅಲ್ಲಿರುವ ಯಾರನ್ನಾದರೂ ಕಳುಹಿಸಿ. ಅದೂ ಆಗದಿದ್ದರೆ ನೇರ ವಿಡಿಯೊ ಕರೆಯಲ್ಲಿ ನಲ್ಲಿ ತಿರುಗಿಸಿ ತೋರಿಸಲು ಹೇಳಿ. ಕೂಡಿಟ್ಟ ವಿಡಿಯೊ ಸಾಲದು.

ಹಂತ 2: ಯಾವಾಗ ಹುಡುಕಬೇಕು, ಎಷ್ಟು ಕಾಲಕ್ಕೆ ಹಿಡಿಯಬೇಕು

ಬೆಟ್ಟದ ಊರುಗಳಲ್ಲಿ ಮನೆಯ ಮಾರುಕಟ್ಟೆ ಪ್ರವಾಸಿಗರ ಕಾಲಕ್ಕೆ ತಕ್ಕಂತೆ ಏರಿಳಿಯುತ್ತದೆ. ಜನ ಬರುವ ತಿಂಗಳುಗಳಲ್ಲಿ ಮಾಲೀಕರಿಗೆ ದಿನಬಾಡಿಗೆಯೇ ಲಾಭ. ಆಗ ವರ್ಷದ ಬಾಡಿಗೆಗೆ ಮನೆ ಸಿಗುವುದು ಕಷ್ಟ, ಸಿಕ್ಕರೂ ದುಬಾರಿ. ಜನ ಇಳಿದುಹೋದ ಮೇಲೆ ಅದೇ ಮನೆ ಚೌಕಾಸಿಗೆ ಸಿಗುತ್ತದೆ. ಹುಡುಕಾಟವನ್ನು ಆ ಬಿಡುವಿನ ತಿಂಗಳುಗಳಿಗೆ ಇಟ್ಟುಕೊಳ್ಳಿ.

ಆದರೆ ಇಲ್ಲಿ ಒಂದು ಬಲೆಯಿದೆ. ಬಿಡುವಿನ ಕಾಲದಲ್ಲಿ ಮನೆ ಕೊಟ್ಟು, ಪ್ರವಾಸಿಗರ ಕಾಲ ಬಂದೊಡನೆ ಬಿಡಿಸುವ ರೂಢಿ ಕೆಲವರಿಗಿದೆ. ಕರಾರು ಪೂರಾ ವರ್ಷದ್ದೋ, ನಡುವೆ ಬಿಡಿಸುವ ಹಕ್ಕನ್ನು ಮಾಲೀಕರು ಇಟ್ಟುಕೊಂಡಿದ್ದಾರೋ ಎಂಬುದನ್ನು ಮೊದಲ ಮಾತಿನಲ್ಲಿಯೇ ಇತ್ಯರ್ಥ ಮಾಡಿಕೊಳ್ಳಿ. ಯಂತ್ರವನ್ನು ನೀವೇ ಕೊಂಡು ತರುವ ಲೆಕ್ಕವಿದ್ದರಂತೂ ಇದು ಇನ್ನೂ ಮುಖ್ಯ. ಸುಮಾರು 70 ಕಿಲೋ ತೂಗುವ ಪೆಟ್ಟಿಗೆಯನ್ನು ಕಡಿದಾದ ಮೆಟ್ಟಿಲುಗಳ ಮೇಲೆ ಹತ್ತಿಸಿ ಆರು ತಿಂಗಳಿಗೆ ಮತ್ತೆ ಇಳಿಸುವುದು ಯಾರಿಗೂ ಬೇಡ.

ಬೆಟ್ಟದ ಸಣ್ಣ ಊರುಗಳಲ್ಲಿ ಎಷ್ಟೋ ಮನೆಗಳು ಜಾಹೀರಾತಿಗೆ ಬರುವುದೇ ಇಲ್ಲ. ಅಂಚೆ ಕಚೇರಿಯಲ್ಲಿ, ಶಾಲೆಯಲ್ಲಿ, ದಿನಸಿ ಅಂಗಡಿಯಲ್ಲಿ, ನಿಮ್ಮನ್ನು ಕೆಲಸಕ್ಕೆ ಕರೆದ ಸಂಸ್ಥೆಯಲ್ಲಿ ವಿಚಾರಿಸಿ. ಕೊಳಾಯಿ ಕೆಲಸದವರನ್ನು ಕೇಳುವುದು ಎಲ್ಲಕ್ಕಿಂತ ಒಳ್ಳೆಯದು. ಯಾವ ಮನೆ ಖಾಲಿ ಇದೆ ಎಂಬುದರ ಜೊತೆಗೆ ಯಾವ ಮನೆಗೆ ತಾವು ಪದೇ ಪದೇ ಹೋಗಬೇಕಾಗುತ್ತದೆ ಎಂಬುದೂ ಅವರಿಗೆ ಗೊತ್ತಿರುತ್ತದೆ.

ಹಂತ 3: ನೀರು ಹೇಗೆ ಬರುತ್ತದೆ

ಯಂತ್ರಕ್ಕೆ ನೀರು ಇದ್ದರೆ ಸಾಲದು, ನೂಕುವ ಬಲವೂ ಬೇಕು. ಅದನ್ನು ಒತ್ತಡ ಎನ್ನುತ್ತೇವೆ, ಅಳೆಯುವುದು ಬಾರ್ ಎಂಬ ಮಾನದಲ್ಲಿ. 10 ಮೀಟರ್ ಎತ್ತರದಲ್ಲಿ ನಿಂತ ನೀರು ಕೆಳಗೆ ಸುಮಾರು 1 ಬಾರ್ ಒತ್ತಡ ಕೊಡುತ್ತದೆ. ಸಾಮಾನ್ಯ ಯಂತ್ರಗಳಿಗೆ ಕನಿಷ್ಠ 0.5 ಬಾರ್‌ನಷ್ಟಾದರೂ ಬೇಕು, ಅಂದರೆ ತೊಟ್ಟಿ ನಲ್ಲಿಗಿಂತ 5 ಮೀಟರ್ ಮೇಲಿರಬೇಕು. ಚಾವಣಿಯ ಮೇಲೆ ತೊಟ್ಟಿ, ಅದರ ಕೆಳಗಿನ ಮಹಡಿಯೇ ನಿಮ್ಮ ಮನೆ ಎಂದಾದರೆ ಅಷ್ಟು ಎತ್ತರ ಸಿಗುವುದಿಲ್ಲ. ಆಗ ಯಂತ್ರ ನೀರು ತುಂಬಿಕೊಳ್ಳಲು ಒದ್ದಾಡಿ ಕೊನೆಗೆ ದೋಷದ ಸಂಕೇತ ತೋರಿಸಿ ನಿಲ್ಲುತ್ತದೆ. ಒತ್ತಡ ಹೆಚ್ಚಿಸುವ ಸಣ್ಣ ಪಂಪ್ ಕೂರಿಸಿದರೆ ಇದು ಸರಿಹೋಗುತ್ತದೆ, ಆದರೆ ಕೂರಿಸುವುದು ಮಾಲೀಕರ ಖರ್ಚಿನಲ್ಲಿ ಆಗಬೇಕು.

ಬೆಟ್ಟದಲ್ಲಿ ಇದರ ತದ್ವಿರುದ್ಧವೂ ಉಂಟು. ಊರಿನ ದೊಡ್ಡ ತೊಟ್ಟಿ ನೂರು ಮೀಟರ್ ಮೇಲಿನ ದಿಬ್ಬದಲ್ಲಿದ್ದು ನಿಮ್ಮ ಮನೆ ಕೆಳಗಿನ ಇಳಿಜಾರಿನಲ್ಲಿದ್ದರೆ, ಎಲ್ಲಿಯೂ ತಡೆಯದೆ ಬಂದ ನೀರಿನ ಒತ್ತಡ 10 ಬಾರ್ ಮುಟ್ಟಬಹುದು. ಬಹಳಷ್ಟು ಯಂತ್ರಗಳ ತಾಳಿಕೆ 8ರಿಂದ 10 ಬಾರ್‌ಗೆ ಮುಗಿಯುತ್ತದೆ. ಇಂಥ ಮನೆಗಳಿಗೆ ಒತ್ತಡ ತಗ್ಗಿಸುವ ಕವಾಟ ಇರಬೇಕು. ನೀರಿನ ಮುಖ್ಯ ಕೊಳವೆ ಮನೆಯನ್ನು ಪ್ರವೇಶಿಸುವಲ್ಲಿ ಗಂಟೆಯ ಆಕಾರದ ಲೋಹದ ತುಂಡೊಂದು ಕಂಡರೆ ಸಾಮಾನ್ಯವಾಗಿ ಅದೇ. ನಲ್ಲಿ ಮುಚ್ಚಿದಾಗಲೆಲ್ಲ ಗೋಡೆಯೊಳಗೆ ಧಡ್ ಎಂಬ ಸದ್ದು ಬಂದರೆ ಒತ್ತಡದ ಬಗ್ಗೆ ಕೇಳಿ.

ಅಳೆಯುವ ಸಾಧನ ನಿಮ್ಮಲ್ಲಿ ಇರುವುದಿಲ್ಲ. ಬಕೆಟ್ ಇದೆಯಲ್ಲ, ಅದು ಒತ್ತಡವನ್ನು ಅಳೆಯದಿದ್ದರೂ ಹರಿವನ್ನು ತೋರಿಸುತ್ತದೆ. ಯಂತ್ರದ ನಲ್ಲಿಯನ್ನು ಪೂರಾ ತಿರುಗಿಸಿ 10 ಲೀಟರ್ ತುಂಬಲು ಎಷ್ಟು ಹೊತ್ತು ಬೇಕೆಂದು ನೋಡಿ. ಒಂದು ನಿಮಿಷದೊಳಗೆ ತುಂಬಿದರೆ ನಿಶ್ಚಿಂತೆ. ಎರಡು ನಿಮಿಷ ದಾಟಿದರೆ ಯೋಚಿಸಬೇಕು. ಇದನ್ನು ಬೆಳಗ್ಗೆ ಎಲ್ಲರೂ ಸ್ನಾನ ಮಾಡುವ ಹೊತ್ತಿನಲ್ಲಿ ಮಾಡಿ. ಮಧ್ಯಾಹ್ನ ಎರಡು ಗಂಟೆಯ ನೀರನ್ನು ನೋಡಿ ಮೋಸಹೋದವರು ಬಹಳ.

ನೀರಿನ ಮೂಲವನ್ನೂ ಕೇಳಿ. ಒರತೆ ಅಥವಾ ತೊರೆಯ ನೀರಾದರೆ ಜೋರು ಮಳೆ ಬಿದ್ದಾಗ, ಹಿಮ ಕರಗಿದಾಗ ಅದರಲ್ಲಿ ಸಣ್ಣ ಮರಳು ಬರುತ್ತದೆ. ಯಂತ್ರಕ್ಕೆ ನೀರು ಪ್ರವೇಶಿಸುವ ಜಾಗದಲ್ಲಿ ಬೆರಳ ತುದಿಯಷ್ಟು ಅಗಲದ ಜರಡಿಯಿರುತ್ತದೆ. ಮರಳು ಅಲ್ಲಿ ಕೂತು ದಾರಿ ಕಟ್ಟುತ್ತದೆ. ನಲ್ಲಿ ಮುಚ್ಚಿ, ಕೊಳವೆ ಬಿಚ್ಚಿ, ಜರಡಿಯನ್ನು ಇಕ್ಕಳದಿಂದ ಹಿಡಿದೆಳೆದು ತೊಳೆದರೆ ಮುಗಿಯಿತು. ಇದು ತಿಳಿಯದೆ ದುರಸ್ತಿಯವರನ್ನು ಕೆಳಗಿನ ಪಟ್ಟಣದಿಂದ ಕರೆಸಿ ಪ್ರಯಾಣದ ಖರ್ಚು ತೆರುವವರೂ ಇದ್ದಾರೆ.

ಸುಣ್ಣಕಲ್ಲಿನ ಬೆಟ್ಟಗಳಲ್ಲಿ ನೀರು ಗಡಸು, ಅಂದರೆ ಅದರಲ್ಲಿ ಸುಣ್ಣದ ಅಂಶ ಹೆಚ್ಚು. ಸಾಬೂನು ನೊರೆ ಕಟ್ಟುವುದಿಲ್ಲ, ಯಂತ್ರದೊಳಗೆ ನೀರು ಕಾಯಿಸುವ ಸುರುಳಿಯ ಮೇಲೆ ಬಿಳಿ ಪದರ ಕೂರುತ್ತದೆ. ಮನೆಯ ನಲ್ಲಿಗಳ ಬಾಯಿಯನ್ನೂ ನೀರು ಕಾಯಿಸುವ ಪಾತ್ರೆಯ ತಳವನ್ನೂ ನೋಡಿದರೆ ಸಾಕು, ಬಿಳಿ ಕರೆ ಇದ್ದರೆ ನೀರು ಗಡಸು. ಮನೆ ಬಿಡುವಷ್ಟು ದೊಡ್ಡ ದೋಷವಲ್ಲ. ಸಾಬೂನು ತುಸು ಹೆಚ್ಚು ಬೇಕಾಗುತ್ತದೆ, ಆಗಾಗ ಸುಣ್ಣ ಬಿಡಿಸುವ ಪುಡಿ ಹಾಕಿ ಖಾಲಿ ಯಂತ್ರ ಓಡಿಸಬೇಕಾಗುತ್ತದೆ.

ಹಂತ 4: ನೀರು ಎಲ್ಲಿಗೆ ಹೋಗುತ್ತದೆ

ಯಂತ್ರದ ಹಿಂಬದಿಯಿಂದ ಹೊರಡುವ ಬೂದು ಬಣ್ಣದ ಕೊಳವೆ ಎಲ್ಲಿ ಸೇರುತ್ತದೆ ನೋಡಿ. ಅದು ನೆಲದಿಂದ ಸುಮಾರು 60ರಿಂದ 90 ಸೆಂಟಿಮೀಟರ್ ಎತ್ತರಕ್ಕೆ ಏರಿ ಗೋಡೆಯ ಕೊಳವೆಯೊಳಗೆ ಇಳಿಯಬೇಕು. ನೆಲದ ಮೇಲೆಯೇ ಮಲಗಿದ್ದರೆ ಯಂತ್ರ ತುಂಬುತ್ತಿರುವಾಗಲೇ ನೀರು ತಾನಾಗಿ ಹರಿದುಹೋಗುತ್ತದೆ, ಯಂತ್ರ ತುಂಬುತ್ತಲೇ ಇರುತ್ತದೆ. ಸೇರುವ ಜಾಗದಲ್ಲಿ ಗಾಳಿಯಾಡದಂತೆ ಬಿಗಿಯಾಗಿ ಸುತ್ತಿದ್ದರೂ ತಪ್ಪೇ, ಕೊಳೆನೀರು ಹಿಂದಕ್ಕೆ ಎಳೆಯಬಹುದು.

ಮುಂದಿನ ಪ್ರಶ್ನೆ: ಊರಿನ ಒಳಚರಂಡಿಯೋ, ಮನೆಯದೇ ಸೆಪ್ಟಿಕ್ ಟ್ಯಾಂಕೋ? ಸೆಪ್ಟಿಕ್ ಟ್ಯಾಂಕ್ ಎಂದರೆ ಕೊಳೆಯನ್ನು ಸೂಕ್ಷ್ಮಜೀವಿಗಳು ಕರಗಿಸಿ, ತಿಳಿನೀರು ಮಣ್ಣಿಗೆ ಇಂಗಿಹೋಗುವಂತೆ ಕಟ್ಟಿದ ಗುಂಡಿ. ಬೆಟ್ಟದ ಮನೆಗಳಲ್ಲಿ ಇದು ಸಾಮಾನ್ಯ. ಅದಕ್ಕೆ ಒಂದೇ ದಿನ ಐದು ಸುತ್ತು ಬಟ್ಟೆಯ ನೀರು ಬಿಟ್ಟರೆ ಕೊಳೆ ತಳಕ್ಕೆ ಕೂರಲು ಸಮಯವಿಲ್ಲದೆ ಇಂಗುವ ಕಾಲುವೆಗೆ ನುಗ್ಗಿ ಅದನ್ನು ಕಟ್ಟಿಬಿಡುತ್ತದೆ. ಭಾನುವಾರ ಒಟ್ಟಿಗೆ ಒಗೆಯುವ ಅಭ್ಯಾಸವಿದ್ದವರು ದಿನಕ್ಕೊಂದು ಸುತ್ತು ಎಂದು ಹಂಚಿಕೊಳ್ಳಬೇಕು. ಬ್ಲೀಚನ್ನು ಕೈಬಿಗಿಹಿಡಿದು ಬಳಸಬೇಕು, ಸೂಕ್ಷ್ಮಜೀವಿಗಳನ್ನು ಅದು ಕೊಲ್ಲುತ್ತದೆ. ಗುಂಡಿಯನ್ನು ಕೊನೆಯ ಸಲ ಯಾವಾಗ ಖಾಲಿ ಮಾಡಿಸಿದರು ಎಂದು ಮಾಲೀಕರನ್ನು ಕೇಳಿ. "ನೆನಪಿಲ್ಲ" ಎಂಬುದೂ ಒಂದು ಉತ್ತರವೇ.

ಹಂತ 5: ಚಳಿ ಎಲ್ಲಿಂದ ಒಳಬರುತ್ತದೆ

ಚಳಿಗಾಲದಲ್ಲಿ ಉಷ್ಣತೆ ಸೊನ್ನೆಗಿಂತ ಕೆಳಗಿಳಿಯುವ ಊರುಗಳಿಗೆ ಈ ಹಂತ. ಇಳಿಯದ ಊರಾದರೆ ದಾಟಿ ಮುಂದೆ ಹೋಗಿ.

ನೀರು ಹೆಪ್ಪುಗಟ್ಟಿದಾಗ ಸುಮಾರು 9 ಪ್ರತಿಶತ ಹಿಗ್ಗುತ್ತದೆ. ಹಿಗ್ಗಲು ಜಾಗವಿಲ್ಲದಿದ್ದರೆ ಕೊಳವೆಯನ್ನೋ ಕವಾಟವನ್ನೋ ಸೀಳುತ್ತದೆ. ಸೀಳಿದ್ದು ಆಗ ಗೊತ್ತಾಗುವುದಿಲ್ಲ. ಮಂಜು ಕರಗಿದ ಮೇಲೆ, ಸಾಮಾನ್ಯವಾಗಿ ನೀವು ಮನೆಯಲ್ಲಿ ಇಲ್ಲದ ಹೊತ್ತಿನಲ್ಲಿ, ನೀರು ಸುರಿಯತೊಡಗುತ್ತದೆ. ಯಂತ್ರ ಬಾಲ್ಕನಿಯಲ್ಲಿ, ಕಾರು ನಿಲ್ಲಿಸುವ ಕೊಠಡಿಯಲ್ಲಿ, ಬಿಸಿ ಮಾಡದ ನೆಲಮಾಳಿಗೆಯಲ್ಲಿ ಇದ್ದರೆ ಈ ಅಪಾಯ ಖಚಿತ. ಒಗೆದು ಮುಗಿದ ಮೇಲೂ ಪಂಪ್‌ನಲ್ಲಿ ಮತ್ತು ಕೊಳವೆಯ ಬಾಗಿನಲ್ಲಿ ಒಂದಿಷ್ಟು ನೀರು ಉಳಿದೇ ಇರುತ್ತದೆ. ಯಂತ್ರ ಒಳಗಿದ್ದರೂ ಅದರ ಕೊಳವೆಗಳು ಹೊರಗೋಡೆಯೊಳಗೆ ಹಾಯ್ದಿವೆಯೇ ಎಂದು ನೋಡಿ. ಮನೆಯ ನಡುಗೋಡೆಯಲ್ಲಿ ಹಾಯ್ದ ಕೊಳವೆಯೇ ಒಳ್ಳೆಯದು.

ಮಾಲೀಕರನ್ನು ಹೀಗೆ ಕೇಳಿ: "ಕಳೆದ ಚಳಿಗಾಲದಲ್ಲಿ ನೀರು ಎಷ್ಟು ದಿನ ನಿಂತಿತ್ತು?" ನಿಂತಿತ್ತೇ ಎಂದು ಕೇಳಿದರೆ ಇಲ್ಲ ಎಂದುಬಿಡುತ್ತಾರೆ. ಎಷ್ಟು ದಿನ ಎಂದು ಕೇಳಿದರೆ ಲೆಕ್ಕ ಹಾಕುತ್ತಾರೆ. ಅದೇ ಪ್ರಶ್ನೆಯನ್ನು ನೆರೆಯವರಿಗೂ ಕೇಳಿ, ಎರಡು ಉತ್ತರಗಳನ್ನು ಹೋಲಿಸಿ.

ಬೇರೆ ದಾರಿಯಿಲ್ಲದೆ ಇಂಥ ಮನೆಯನ್ನೇ ಹಿಡಿದರೆ, ಚಳಿಗಾಲದಲ್ಲಿ ಊರು ಬಿಡುವಾಗ ಯಂತ್ರವನ್ನು ಬರಿದು ಮಾಡಿ ಹೋಗಬೇಕು. ನಲ್ಲಿ ಮುಚ್ಚಿ, ಯಂತ್ರದ ಪ್ಲಗ್ ತೆಗೆದು, ನೀರು ಬರುವ ಕೊಳವೆಯನ್ನು ಬಿಚ್ಚಿ ಬಕೆಟ್‌ಗೆ ಬಸಿಯಿರಿ. ಯಂತ್ರದ ಮುಂಭಾಗದ ತಳದಲ್ಲಿ ಸಣ್ಣ ಮುಚ್ಚಳವಿರುತ್ತದೆ, ಅದರ ಹಿಂದಿನ ಜರಡಿಯನ್ನು ತಿರುಗಿಸಿ ತೆಗೆದರೆ ಪಂಪ್‌ನಲ್ಲಿ ನಿಂತ ನೀರು ಹೊರಬರುತ್ತದೆ. ಕೆಳಗೆ ಬಟ್ಟೆ ಹಾಸಿ ಮಾಡಿ. ಮರಳಿ ಬಂದಾಗ ಹೆಪ್ಪುಗಟ್ಟಿದ ಅನುಮಾನವಿದ್ದರೆ ಯಂತ್ರವನ್ನು ಹಚ್ಚಬೇಡಿ. ಕೋಣೆಯನ್ನು ಬೆಚ್ಚಗೆ ಮಾಡಿ ಒಂದು ದಿನ ಬಿಡಿ. ಕೊಳವೆಗೆ ಬೆಂಕಿ ಹಿಡಿದು ಕರಗಿಸುವ ಸಾಹಸವಂತೂ ಬೇಡವೇ ಬೇಡ.

ಹಂತ 6: ವಿದ್ಯುತ್

ನೀರು ಕಾಯಿಸುವ ಯಂತ್ರ ಆ ಹೊತ್ತಿನಲ್ಲಿ ಸುಮಾರು 2,000 ವಾಟ್ ಎಳೆಯುತ್ತದೆ. ಅದೇ ತಂತಿಯ ಮೇಲೆ ಕೋಣೆ ಬೆಚ್ಚಗಿಡುವ ಹೀಟರ್ ಕೂಡ ಇದ್ದರೆ ಫ್ಯೂಸ್ ಹಾರುತ್ತದೆ, ಬೆಟ್ಟದ ಮನೆಯಲ್ಲಿ ಹೀಟರ್ ಇಲ್ಲದ ದಿನವಿಲ್ಲ. ಯಂತ್ರಕ್ಕೆ ಪ್ರತ್ಯೇಕ ತಂತಿಮಾರ್ಗವೂ ಸರಿಯಾದ ಅರ್ಥಿಂಗ್ ಕೂಡ ಇರಬೇಕು. ಅರ್ಥಿಂಗ್ ಎಂದರೆ ಸೋರಿದ ವಿದ್ಯುತ್ತು ನಿಮ್ಮ ಮೈಯ ಬದಲು ನೆಲಕ್ಕೆ ಹರಿದುಹೋಗುವಂತೆ ಮಾಡಿದ ದಾರಿ. ಪ್ಲಗ್ ಬೋರ್ಡ್‌ಗೆ ಇನ್ನೊಂದು ಎಕ್ಸ್‌ಟೆನ್ಷನ್ ಸಿಕ್ಕಿಸಿ ಯಂತ್ರ ಓಡಿಸುತ್ತಿದ್ದರೆ ಅದನ್ನು ಸರಿಪಡಿಸಿದ ಮೇಲೆಯೇ ಕರಾರಿನ ಮಾತು.

ಬಿರುಗಾಳಿಯ ದಿನಗಳಲ್ಲಿ ಕರೆಂಟ್ ಹೋಗುವುದು ಸಾಮಾನ್ಯ. ಒಗೆಯುವ ನಡುವೆ ಹೋದರೆ ಬಾಗಿಲು ಬಿಗಿದುಕೊಂಡು ಬಟ್ಟೆ ಒಳಗೇ ಸಿಕ್ಕಿಬೀಳುತ್ತದೆ. ಹಿಂದಿನ ಹಂತದಲ್ಲಿ ಹೇಳಿದ ತಳದ ಮುಚ್ಚಳದಿಂದಲೇ ನೀರು ಬಸಿದು ಬಾಗಿಲು ತೆಗೆಯಬಹುದು, ಆದರೆ ಬಿಸಿನೀರು ತಣಿದ ಮೇಲೆ.

ಹಂತ 7: ಒಣಗಿಸುವುದು

ಇಡೀ ವಿಷಯದ ಕಗ್ಗಂಟು ಇದು. ಒಗೆಯುವುದಕ್ಕೆ ಒಂದು ಗಂಟೆ ಸಾಕು. ಮಂಜು ಮುಸುಕಿದ ಊರಿನಲ್ಲಿ ಒಂದು ಜೀನ್ಸ್ ಒಣಗುವುದಕ್ಕೆ ಮೂರು ದಿನ. ಮೂರನೆಯ ದಿನ ಅದು ಒಣಗಿರುವುದಿಲ್ಲ, ನಾರತೊಡಗಿರುತ್ತದೆ.

ಲೆಕ್ಕ ನೋಡಿ. 5 ಕಿಲೋ ಬಟ್ಟೆ ನಿಮಿಷಕ್ಕೆ 1,400 ಸುತ್ತಿನ ವೇಗದಲ್ಲಿ ಹಿಂಡಿದ ಮೇಲೂ ಸುಮಾರು ಎರಡೂವರೆ ಲೀಟರ್ ನೀರನ್ನು ಹಿಡಿದಿರುತ್ತದೆ. 800 ಸುತ್ತಿನ ಯಂತ್ರವಾದರೆ ಮೂರೂವರೆ ಲೀಟರ್. ಆ ನೀರೆಲ್ಲ ಗಾಳಿಗೆ ಸೇರಬೇಕು. 20 ಡಿಗ್ರಿ ಸೆಂಟಿಗ್ರೇಡ್‌ನ ಗಾಳಿ ಒಂದು ಘನ ಮೀಟರ್‌ಗೆ ಹೆಚ್ಚೆಂದರೆ 17 ಗ್ರಾಂ ಆವಿ ಹಿಡಿಯಬಲ್ಲದು. ನಾಲ್ಕು ಮೀಟರ್ ಉದ್ದ, ಮೂರು ಮೀಟರ್ ಅಗಲ, ಎರಡೂವರೆ ಮೀಟರ್ ಎತ್ತರದ ಕೋಣೆಯ ಗಾಳಿಯೆಲ್ಲ ಸೇರಿ ಅರ್ಧ ಲೀಟರ್ ಹಿಡಿದರೆ ಹೆಚ್ಚು. ಉಳಿದ ಎರಡು ಲೀಟರ್ ಎಲ್ಲಿ ಹೋಗುತ್ತದೆ? ಕಿಟಕಿಯ ಗಾಜಿಗೆ, ಹೊರಗೋಡೆಯ ಮೂಲೆಗೆ, ಬೀರುವಿನ ಹಿಂಭಾಗಕ್ಕೆ. ಅಲ್ಲಿ ಬೂಷ್ಟು ಬೆಳೆಯುತ್ತದೆ. ಮನೆ ಬಿಡುವಾಗ ಆ ಬೂಷ್ಟಿನ ದುಡ್ಡು ನಿಮ್ಮ ಮುಂಗಡದಿಂದ ಹೋಗುತ್ತದೆ.

ಮನೆ ನೋಡುವಾಗ ಬೀರುವನ್ನು ತುಸು ಸರಿಸಿ ಹಿಂದೆ ಟಾರ್ಚ್ ಬಿಡಿ. ಕಪ್ಪು ಚುಕ್ಕೆಗಳಿದ್ದರೆ ಹಿಂದಿನವರು ಒಳಗೆ ಬಟ್ಟೆ ಒಣಗಿಸಿದ್ದಾರೆ, ಅವರಿಗೆ ಬೇರೆ ದಾರಿಯಿರಲಿಲ್ಲ ಎಂದರ್ಥ. ಗೋಡೆಗೆ ಹೊಸ ಬಣ್ಣ ಒಂದೇ ಮೂಲೆಗೆ ಬಳಿದಿದ್ದರೂ ಅದೇ ಅರ್ಥ.

ಒಣಗಿಸುವ ಯಂತ್ರ ಇದ್ದರೆ ಅದು ಯಾವ ಬಗೆಯದು ಎಂದು ತಿಳಿದುಕೊಳ್ಳಿ. ಮೊದಲ ಬಗೆಯದು ಬಿಸಿ ಗಾಳಿಯ ಹಬೆಯನ್ನು ಸುಮಾರು 10 ಸೆಂಟಿಮೀಟರ್ ಅಗಲದ ಕೊಳವೆಯ ಮೂಲಕ ಗೋಡೆಯಾಚೆಗೆ ಊದುತ್ತದೆ. ಬೇಗ ಒಣಗಿಸುತ್ತದೆ, ವಿದ್ಯುತ್ತನ್ನು ನುಂಗುತ್ತದೆ. ಈ ಕೊಳವೆ ಲೋಹದ್ದಾಗಿರಬೇಕು. ಪ್ಲಾಸ್ಟಿಕ್ಕಿನದಾದರೆ ಒಳಗೆ ಕೂತ ಬಟ್ಟೆಯ ಜುಂಗು ಹೊತ್ತಿಕೊಂಡಾಗ ಕೊಳವೆಯೂ ಹೊತ್ತುತ್ತದೆ. ಗೋಡೆಯಾಚೆಯ ಬಾಯಿ ಎಲ್ಲಿದೆ ಎಂದು ಹೊರಗೆ ಹೋಗಿ ನೋಡಿ. ನೆಲದಿಂದ ಒಂದಡಿ ಎತ್ತರದಲ್ಲಿದ್ದರೆ ಹಿಮ ಬಿದ್ದಾಗ ಮುಚ್ಚಿಹೋಗುತ್ತದೆ. ಅನಿಲದಿಂದ ನಡೆಯುವ ಡ್ರೈಯರ್ ಆದರೆ ಮುಚ್ಚಿದ ಬಾಯಿಯಿಂದ ಕಾರ್ಬನ್ ಮಾನಾಕ್ಸೈಡ್ ಎಂಬ, ವಾಸನೆಯಿಲ್ಲದ ಪ್ರಾಣಾಂತಕ ಅನಿಲ ಮನೆಯೊಳಗೆ ತುಂಬಬಹುದು. ಅಂಥ ಮನೆಯಲ್ಲಿ ಆ ಅನಿಲವನ್ನು ಪತ್ತೆಹಚ್ಚುವ ಎಚ್ಚರಿಕೆ ಗಂಟೆ ಇಲ್ಲದಿದ್ದರೆ ಒಂದು ರಾತ್ರಿಯೂ ಮಲಗಬೇಡಿ.

ಎರಡನೆಯದು ಆವಿಯನ್ನು ತಣಿಸಿ ನೀರಾಗಿಸಿ ಡಬ್ಬಿಯಲ್ಲಿ ಹಿಡಿಯುತ್ತದೆ. ಗೋಡೆಗೆ ತೂತು ಬೇಡ, ಡಬ್ಬಿಯನ್ನು ನೆನಪಿನಿಂದ ಖಾಲಿ ಮಾಡುತ್ತಿರಬೇಕು. ಮೂರನೆಯದು, ಹೀಟ್ ಪಂಪ್ ಡ್ರೈಯರ್, ಅದರದೇ ಸುಧಾರಿತ ರೂಪ. ಬಿಸಿಯನ್ನು ಮತ್ತೆ ಮತ್ತೆ ಬಳಸುವುದರಿಂದ ವಿದ್ಯುತ್ ಖರ್ಚು ಬಹಳ ಕಡಿಮೆ. ಬೆಟ್ಟಕ್ಕೆ ನಾನು ಹೇಳುವುದು ಇದನ್ನೇ, ಒಂದು ಷರತ್ತಿನ ಮೇಲೆ: ಬೆಚ್ಚಗಿನ ಕೋಣೆಯಲ್ಲಿ ಇಡಬೇಕು. ಕೋಣೆ 5 ಡಿಗ್ರಿಗಿಂತ ತಣ್ಣಗಾದರೆ ಇದು ಸರಿಯಾಗಿ ನಡೆಯುವುದಿಲ್ಲ.

ಒಗೆಯುವುದೂ ಒಣಗಿಸುವುದೂ ಒಂದೇ ಪೆಟ್ಟಿಗೆಯಲ್ಲಿರುವ ಜೋಡಿಯಂತ್ರ ಸಣ್ಣ ಮನೆಗಳಲ್ಲಿ ಕಾಣುತ್ತದೆ. ಅದು ಒಗೆದಷ್ಟನ್ನು ಒಣಗಿಸಲಾರದು. 8 ಕಿಲೋ ಎಂದು ಬರೆದಿದ್ದರೆ ಒಣಗಿಸುವುದು ಐದು ಕಿಲೋ ಇರಬಹುದು. ಅರ್ಧ ಬಟ್ಟೆ ಹೊರತೆಗೆದು ಒಣಗಿಸದಿದ್ದರೆ ಮುದ್ದೆಯಾದ ಬೆಚ್ಚಗಿನ ಒದ್ದೆ ಬಟ್ಟೆ ಸಿಗುತ್ತದೆ. ನಾನೂ ಒಂದು ಚಳಿಗಾಲ ಪೂರ್ತಿ ಯಂತ್ರ ಕೆಟ್ಟಿದೆ ಎಂದು ಮಾಲೀಕರೊಡನೆ ವಾದಿಸಿ, ಕೊನೆಗೆ ಕೈಪಿಡಿ ಓದಿ ಸುಮ್ಮನಾದವನೇ.

ಡ್ರೈಯರ್ ಇಲ್ಲವೆಂದಾದರೆ ಬಿಸಿಲಿನ ಲೆಕ್ಕ ಹಾಕಿ. ಕಣಿವೆಯ ಊರಿನಲ್ಲಿ ಸೂರ್ಯ ಪಂಚಾಂಗದಂತೆ ಮುಳುಗುವುದಿಲ್ಲ, ಎದುರಿನ ಗುಡ್ಡದ ಹಿಂದೆ ಸರಿದಾಗ ಮುಳುಗುತ್ತಾನೆ. ಚಳಿಗಾಲದಲ್ಲಿ ಅದು ಮಧ್ಯಾಹ್ನವೇ ಆಗಬಹುದು. ಬಾಲ್ಕನಿಗೆ ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಬಿಸಿಲು ಬೀಳುತ್ತದೆ ಎಂದು ಕೇಳಿ, ಸಾಧ್ಯವಾದರೆ ನಿಂತು ನೋಡಿ. ಉತ್ತರ ಗೋಳಾರ್ಧದಲ್ಲಿ ದಕ್ಷಿಣಕ್ಕೆ ಮುಖಮಾಡಿದ ಇಳಿಜಾರು, ದಕ್ಷಿಣ ಗೋಳಾರ್ಧದಲ್ಲಿ ಉತ್ತರಕ್ಕೆ ಮುಖಮಾಡಿದ್ದು ಹೆಚ್ಚು ಬಿಸಿಲು ಕಾಣುತ್ತದೆ.

ಒಳಗೇ ಒಣಗಿಸಬೇಕಾದರೆ ಒಂದು ಕೋಣೆಯ ಬಾಗಿಲು ಹಾಕಿ, ಬಟ್ಟೆಯ ನಡುವೆ ಕೈಯಗಲ ಜಾಗ ಬಿಟ್ಟು ಹರವಿ, ಗಾಳಿಯ ತೇವ ಹೀರುವ ಯಂತ್ರ ಹಚ್ಚಿ. ಅದಿಲ್ಲದಿದ್ದರೆ ಒಂದೆರಡು ಗಂಟೆಗೊಮ್ಮೆ ಹತ್ತು ನಿಮಿಷ ಕಿಟಕಿಯನ್ನು ಪೂರಾ ತೆರೆಯಿರಿ. ಹೊರಗೆ ಕೊರೆಯುವ ಚಳಿಯಿರುವಾಗ ತೆರೆಯುವುದು ಹುಚ್ಚುತನದಂತೆ ಕಾಣುತ್ತದೆ. ಆದರೆ ಸೊನ್ನೆ ಡಿಗ್ರಿಯ ಗಾಳಿಯಲ್ಲಿ ಘನ ಮೀಟರ್‌ಗೆ 5 ಗ್ರಾಂನಷ್ಟು ಆವಿ ಮಾತ್ರ ಇರಬಲ್ಲದು. ಒಳಬಂದು ಬೆಚ್ಚಗಾದ ಮೇಲೆ ಅದು ಬಟ್ಟೆಯ ನೀರನ್ನು ಬಾಯಾರಿದಂತೆ ಕುಡಿಯುತ್ತದೆ. ಹೊರಗೆ ಮಂಜು ಮುಸುಕಿ ಬೆಚ್ಚಗಿರುವ ಮಳೆಗಾಲದಲ್ಲಿ ಈ ಉಪಾಯ ನಡೆಯದು, ಕಿಟಕಿ ಮುಚ್ಚಿಡಿ.

ಹಂತ 8: ನೆಲ ಮತ್ತು ಸದ್ದು

ಬೆಟ್ಟದ ಮನೆಗಳಲ್ಲಿ ಮರದ ನೆಲ ಹೆಚ್ಚು. ಹಿಂಡುವಾಗ ಯಂತ್ರ ಕುಣಿದರೆ ಕೆಳಗಿನ ಮನೆಯವರ ದೀಪವೂ ಕುಣಿಯುತ್ತದೆ. ಯಂತ್ರದ ಮೇಲೆ ರಸಮಟ್ಟ ಇಟ್ಟು ನೋಡಿ, ಓರೆಯಿದ್ದರೆ ಕಾಲುಗಳನ್ನು ತಿರುಗಿಸಿ ಸರಿಪಡಿಸಬಹುದು. ರಾತ್ರಿ ಎಷ್ಟು ಗಂಟೆಯ ಮೇಲೆ ಯಂತ್ರ ಹಚ್ಚಬಾರದು ಎಂಬ ನಿಯಮ ಕಟ್ಟಡಕ್ಕಿದೆಯೇ ಕೇಳಿ. ಯಂತ್ರ ಹೊಸದಾಗಿ ತಂದದ್ದಾದರೆ ಹಿಂಭಾಗದಲ್ಲಿ ಸಾಗಾಟದ ಬೋಲ್ಟ್‌ಗಳಿರುತ್ತವೆ, ಪ್ರಯಾಣದಲ್ಲಿ ಒಳಗಿನ ಡ್ರಮ್ ಅಲುಗದಂತೆ ಬಿಗಿದವು. ಅವನ್ನು ತೆಗೆಯದೆ ಓಡಿಸಿದರೆ ಯಂತ್ರ ಕೋಣೆ ತುಂಬ ನಡೆದಾಡುತ್ತದೆ. ತೆಗೆದವನ್ನು ಎಸೆಯಬೇಡಿ, ಮನೆ ಬದಲಿಸುವಾಗ ಬೇಕು.

ಹಂತ 9: ಒಂದು ಸುತ್ತು ಒಗೆದೇ ನೋಡಿ

ಮನೆ ಮನಸ್ಸಿಗೆ ಬಂತು ಎಂದಾದ ಮೇಲೆ, ಸಹಿಗೆ ಮೊದಲು, ಚೀಲದಲ್ಲಿ ತಂದ ಬಟ್ಟೆಯನ್ನು ಹಾಕಿ 40 ಡಿಗ್ರಿಯ ಚಿಕ್ಕ ಸುತ್ತಿಗೆ ಹಚ್ಚಿ. ಆ ಹೊತ್ತಿನಲ್ಲಿ ಮನೆಯ ಉಳಿದದ್ದನ್ನು ನೋಡಿ, ಮಾಲೀಕರೊಡನೆ ಮಾತಾಡಿ. ಗಮನಿಸಬೇಕಾದ್ದು: ತುಂಬಲು ಎಷ್ಟು ಹೊತ್ತಾಯಿತು, ಹದಿನೈದು ಇಪ್ಪತ್ತು ನಿಮಿಷದ ಮೇಲೆ ಬಾಗಿಲಿನ ಗಾಜು ಬೆಚ್ಚಗಾಯಿತೇ, ನೀರು ಬಿಡುವಾಗ ಅಡುಗೆಮನೆಯ ಸಿಂಕ್ ಅಥವಾ ಬಚ್ಚಲಿನಲ್ಲಿ ನೀರು ಮೇಲಕ್ಕೆ ಬಂತೇ, ಹಿಂಡುವಾಗ ಕಬ್ಬಿಣ ಉಜ್ಜುವ ಸದ್ದು ಬಂತೇ, ಕೊನೆಗೆ ಯಂತ್ರದ ಕೆಳಗೆ ಒದ್ದೆಯಿದೆಯೇ. ಹೊರತೆಗೆದ ದಪ್ಪ ಟವೆಲನ್ನು ಕೈಯಲ್ಲಿ ಹಿಂಡಿ ನೋಡಿ. ಹನಿ ಬಿದ್ದರೆ ಹಿಂಡುವುದರಲ್ಲಿ ದೋಷವಿದೆ. ಬಾಗಿಲ ಸುತ್ತಲ ರಬ್ಬರಿನ ಮಡಿಕೆ ಬಿಡಿಸಿ ಮೂಸಿಯೂ ನೋಡಿ.

"ಇವತ್ತು ನೀರಿಲ್ಲ", "ಕೀಲಿಕೈ ಸಿಗುತ್ತಿಲ್ಲ", "ಮೊನ್ನೆಯಷ್ಟೇ ನಾವೇ ಬಳಸಿದ್ದೇವೆ" ಎಂಬ ಮಾತು ಬಂದರೆ ಇನ್ನೊಂದು ದಿನ ಬರುತ್ತೇನೆ ಎನ್ನಿ. ಎರಡನೆಯ ಸಲವೂ ಅದೇ ಮಾತಾದರೆ ಬೇರೆ ಮನೆ ನೋಡಿ.

ಹಂತ 10: ಕರಾರಿನಲ್ಲಿ ಬರಬೇಕಾದ ಸಾಲುಗಳು

ಬಾಡಿಗೆ ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ರೀತಿ, ಅದನ್ನು ಅಲ್ಲಿನ ತಿಳಿದವರಲ್ಲಿ ಕೇಳಬೇಕು. ಬಟ್ಟೆಯ ಮಟ್ಟಿಗೆ ಮಾತ್ರ ಹೇಳುತ್ತೇನೆ. ಯಂತ್ರದ ಹೆಸರು, ಮಾದರಿ ಸಂಖ್ಯೆ, ಈಗಿನ ಸ್ಥಿತಿ ಪಟ್ಟಿಯಲ್ಲಿ ಇರಲಿ. ತಾನಾಗಿ ಕೆಟ್ಟರೆ ಮಾಲೀಕರು, ನಿಮ್ಮ ತಪ್ಪಿನಿಂದ ಕೆಟ್ಟರೆ ನೀವು ಎಂದು ಬರೆಸಿ. ಎಷ್ಟು ದಿನದೊಳಗೆ ದುರಸ್ತಿ ಎಂಬುದನ್ನು ಸೇರಿಸುವುದು ಬೆಟ್ಟದಲ್ಲಿ ಬಹಳ ಮುಖ್ಯ, ಏಕೆಂದರೆ ದುರಸ್ತಿಯವರು ಕೆಳಗಿನಿಂದ ಬರಬೇಕು, ದಾರಿ ತೆರೆದಿರಬೇಕು. ಆ ಅವಧಿ ಮೀರಿದರೆ ಹೊರಗೆ ಒಗೆಸಿದ ಖರ್ಚನ್ನು ಬಾಡಿಗೆಯಲ್ಲಿ ಕಳೆಯುವ ಸಾಲನ್ನು ಕೇಳಿ ನೋಡಿ. ಎಲ್ಲರೂ ಒಪ್ಪುವುದಿಲ್ಲ, ಕೇಳಿದವರಿಗೆ ಕೆಲವೊಮ್ಮೆ ಸಿಗುತ್ತದೆ. ನೀರು ಹೆಪ್ಪುಗಟ್ಟಿ ಕೊಳವೆ ಒಡೆದರೆ ಹೊಣೆ ಯಾರದು, ನೀವು ಊರಲ್ಲಿಲ್ಲದಾಗ ಮನೆಯನ್ನು ಎಷ್ಟು ಬೆಚ್ಚಗೆ ಇಟ್ಟಿರಬೇಕು ಎಂಬುದೂ ಬರಲಿ. ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡಿಸುವ ಖರ್ಚು ಯಾರದೆಂದು ಬರೆಯದೆ ಬಿಡಬೇಡಿ. ನಿಮ್ಮ ಯಂತ್ರ ಸೋರಿ ಕೆಳಮನೆಯ ಚಾವಣಿ ಕೆಟ್ಟರೆ ಭರಿಸುವ ವಿಮೆ ಸಿಗುವ ಜಾಗವಾದರೆ ಮಾಡಿಸಿಕೊಳ್ಳಿ.

ಬಾಯಿಮಾತಿಗೆ ಬೆಲೆ ಕೊಡುವ ಊರು ಎಂಬ ಕಾರಣಕ್ಕೆ ಬರೆಸಲು ಹಿಂಜರಿಯಬೇಡಿ. ಒಳ್ಳೆಯ ಮಾಲೀಕರು ತಪ್ಪು ತಿಳಿಯುವುದಿಲ್ಲ.

ಹಂತ 11: ಕೀಲಿಕೈ ಸಿಕ್ಕ ಮೊದಲ ವಾರ

ಸಾಮಾನು ಇಳಿಸುವ ಮುನ್ನ ಗೋಡೆ, ಮೂಲೆ, ಯಂತ್ರ, ಅದರ ಹಿಂಭಾಗ, ಮೀಟರ್‌ಗಳ ಅಂಕಿ ಎಲ್ಲವನ್ನೂ ದಿನಾಂಕ ಸಹಿತ ಫೋಟೊ ತೆಗೆದು ಮಾಲೀಕರಿಗೂ ಕಳುಹಿಸಿ. ನೀರಿನ ಮುಖ್ಯ ಕವಾಟ ಎಲ್ಲಿದೆ ಎಂದು ತಿಳಿದು, ಒಮ್ಮೆ ಮುಚ್ಚಿ ತೆರೆದು ಅಭ್ಯಾಸ ಮಾಡಿಕೊಳ್ಳಿ. ನೀರು ತರುವ ರಬ್ಬರ್ ಕೊಳವೆಯಲ್ಲಿ ಉಬ್ಬೋ ಬಿರುಕೋ ಕಂಡರೆ, ಅಥವಾ ಅದಕ್ಕೆ ಐದು ವರ್ಷ ದಾಟಿದ್ದರೆ, ಹೊಸದು ಹಾಕಿಸಿ. ಯಂತ್ರ ಓಡದ ಹೊತ್ತಿನಲ್ಲಿ ಅದರ ನಲ್ಲಿಯನ್ನು ಮುಚ್ಚಿಡಿ.

ಚಳಿಗಾಲದ ನಲ್ಲಿ ನೀರು ಮೂರು ನಾಲ್ಕು ಡಿಗ್ರಿಯಷ್ಟು ತಣ್ಣಗಿದ್ದರೆ ಸಾಬೂನು ಪುಡಿ ಕರಗದೆ ಬಟ್ಟೆಯ ಮಡಿಕೆಯಲ್ಲಿ ಕೂರುತ್ತದೆ. ದ್ರವ ಬಳಸಿ, ಇಲ್ಲವೇ ನೀರು ಕಾಯಿಸುವ ಸುತ್ತನ್ನೇ ಆರಿಸಿ. ಒಗೆದು ಮುಗಿದ ಮೇಲೆ ಯಂತ್ರದ ಬಾಗಿಲನ್ನು ಎರಡು ಬೆರಳಷ್ಟು ತೆರೆದೇ ಬಿಡಿ. ಡ್ರೈಯರ್ ಇದ್ದರೆ ಜುಂಗಿನ ಜರಡಿಯನ್ನು ಪ್ರತಿ ಸಲವೂ ಬಿಡಿಸಿ. ಹತ್ತಿರದ ದುರಸ್ತಿಯವರ ಫೋನ್ ಸಂಖ್ಯೆಯನ್ನು ಯಂತ್ರ ಕೆಡುವ ಮೊದಲೇ ಬರೆದಿಟ್ಟುಕೊಳ್ಳಿ, ಅವರು ಯಾವ ತಿಂಗಳುಗಳಲ್ಲಿ ಮೇಲೆ ಬರುವುದಿಲ್ಲ ಎಂಬುದನ್ನೂ ಅದೇ ಚೀಟಿಯಲ್ಲಿ ಗುರುತು ಮಾಡಿ ಅಡುಗೆಮನೆಯ ಗೋಡೆಗೆ ಅಂಟಿಸಿ.